ಶರಣಾಗತನೂ ಅಪರಾಧಿಯೂ

ಹೊಸನಗರ ತಾಲ್ಲೂಕಿನ ಹುಂಚ ಒಂದು ಕಾಲಕ್ಕೆ ಸಾಂತರ ಅರಸರ ರಾಜಧಾನಿಯಾಗಿತ್ತು. ತಂದೆಯ ಕೋಪಕ್ಕೆ ಗುರಿಯಾಗಿ ಉತ್ತರ ಮಧುರೆಯಿಂದ ತಪ್ಪಿಸಿಕೊಂಡು ಬಂದ ಜಿನದತ್ತರಾಯನು ಪದ್ಮಾವತಿ ದೇವಿಯ ಅನುಗ್ರಹದಿಂದ ಇಲ್ಲಿ ನೆಲೆ ನಿಂತನೆಂದು ಸ್ಥಳಪುರಾಣ ಹೇಳುತ್ತದೆ. ಪುರಾಣವನ್ನು ಇತಿಹಾಸವೆಂದು ಎಣಿಸಬೇಕಾಗಿಲ್ಲ. ಆದರೆ ಅದೇ ತಾಲ್ಲೂಕಿನ ಬಿದನೂರಿನಲ್ಲಿ, ಎಂದರೆ ಈಗಿನ ನಗರದಲ್ಲಿ, ಓಡಿಬಂದವನಿಗೆ ಆಶ್ರಯವಿತ್ತ ಘಟನೆಯೊಂದು ನಿಜವಾಗಿಯೇ ನಡೆಯಿತು.

1689ರಲ್ಲಿ ಔರಂಗಜೇಬನು ಸಂಭಾಜಿಯನ್ನು ಸೆರೆಹಿಡಿದು ಕೊಲ್ಲಿಸಿದನು. ಶಿವಾಜಿಯ ಕಿರಿಯ ಮಗ ರಾಜಾರಾಮನು ದೂರದ ಜಿಂಜಿ ಕೋಟೆಯನ್ನು ಸೇರಲು ವೇಷ ಮರೆಸಿಕೊಂಡು ಹೊರಟು, ದಾರಿಯಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ರಕ್ಷಣೆಯನ್ನು ಬೇಡಿದನು. ಮೊಗಲರ ವೈರ ಕಟ್ಟಿಕೊಂಡರೆ ರಾಜ್ಯಕ್ಕೇ ಕೇಡೆಂಬುದು ಆಕೆಗೆ ತಿಳಿಯದ ಸಂಗತಿಯಲ್ಲ. ಆದರೂ ಅಭಯವಿತ್ತು ಅವನನ್ನು ಮುಂದಕ್ಕೆ ಸಾಗಿಸಿದಳು. ಮೊಗಲ ಸೈನ್ಯ ಕೆಳದಿಯ ಮೇಲೆ ಏರಿಬಂದಿತು. ಯುದ್ಧ ನಡೆದು ಕೊನೆಗೆ ಸಂಧಿಯಾಯಿತು. ರಾಜಾರಾಮನು ಜಿಂಜಿಯನ್ನು ಸೇರಿದನು.

ಅಭಯ ಬೇಡಿ ಬಂದವನು ಕೊಲೆ ಮಾಡಿ, ಜನರ ಹಣ ದೋಚಿ ಬಂದವನಾಗಿದ್ದರೆ? ಆಗಲೂ ಅವನನ್ನು ಕಾಪಾಡುವುದು ಧರ್ಮವೆ? ನೊಂದವರು ನ್ಯಾಯಕ್ಕಾಗಿ ಯಾರ ಬಾಗಿಲಿಗೆ ಹೋಗಬೇಕು? ಒಂದು ದೇಶದ ಪೊಲೀಸರು ಇನ್ನೊಂದು ದೇಶಕ್ಕೆ ನುಗ್ಗಿ ಯಾರನ್ನೂ ಹಿಡಿದು ತರುವಂತಿಲ್ಲ. ಈ ತೊಡಕಿಗೆ ಕಾನೂನು ಕಂಡುಕೊಂಡ ದಾರಿಯೇ ಅಪರಾಧಿಗಳ ಹಸ್ತಾಂತರ. ಆರೋಪ ಹೊತ್ತವನನ್ನಾಗಲಿ, ಶಿಕ್ಷೆಯಿಂದ ತಪ್ಪಿಸಿಕೊಂಡವನನ್ನಾಗಲಿ, ಅವನು ಅಡಗಿರುವ ದೇಶವು ಕೇಳಿದ ದೇಶಕ್ಕೆ ವಿಧಿಪೂರ್ವಕವಾಗಿ ಒಪ್ಪಿಸುವುದೆಂದು ಇದರ ಅರ್ಥ. ಇದನ್ನು ಗಡೀಪಾರು ಎಂದು ಬರೆಯುವವರುಂಟು, ಅದು ಸರಿಯಲ್ಲ. ಗಡೀಪಾರಿನಲ್ಲಿ ಬೇಡವಾದವನನ್ನು ಹೊರದೂಡುತ್ತಾರೆ. ಹಸ್ತಾಂತರದಲ್ಲಿ ಬೇಕೆಂದು ಕೇಳಿದವರ ಕೈಗೆ ಒಪ್ಪಿಸುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕಾಗಿ 1962ರ ಅಧಿನಿಯಮವಿದೆ. ಬೇರೆ ದೇಶದಿಂದ ಬೇಡಿಕೆ ಬಂದಾಗ ಕೇಂದ್ರ ಸರ್ಕಾರವು ಅದನ್ನು ಮ್ಯಾಜಿಸ್ಟ್ರೇಟರ ವಿಚಾರಣೆಗೆ ಕಳುಹಿಸುತ್ತದೆ. ಆತನು ತಪ್ಪಿತಸ್ಥನೆ ಎಂಬುದನ್ನು ಅವರು ತೀರ್ಮಾನಿಸುವುದಿಲ್ಲ. ಮೇಲ್ನೋಟಕ್ಕೆ ಮೊಕದ್ದಮೆಗೆ ಆಧಾರವಿದೆಯೆ ಎಂಬುದನ್ನಷ್ಟೇ ನೋಡುತ್ತಾರೆ. ಇಲ್ಲವೆಂದಾದರೆ ಬಿಡುಗಡೆ. ಸಾಮಾನ್ಯವಾಗಿ ಆ ಕೃತ್ಯವು ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು. ರಾಜಕೀಯ ಸ್ವರೂಪದ ಅಪರಾಧಕ್ಕಾಗಿ ಯಾರನ್ನೂ ಒಪ್ಪಿಸುವಂತಿಲ್ಲ. ಚೆನ್ನಮ್ಮಾಜಿಯ ನಿಲುವೇ ಇಲ್ಲಿ ಕಾನೂನಿನ ಮಾತಾಗಿ ಬಂದಂತೆ ನನಗೆ ತೋರುತ್ತದೆ. ಆದರೆ ಕೊಲೆಗಡುಕರೂ ರಾಜಕೀಯದ ಮುಸುಕನ್ನು ಹೊದೆಯಬಲ್ಲರಷ್ಟೆ. ಆದುದರಿಂದ ವಿಮಾನಾಪಹರಣದಂಥ ಘೋರ ಕೃತ್ಯಗಳಿಗೆ ಈ ರಕ್ಷಣೆ ದೊರೆಯುವುದಿಲ್ಲ.

ಹಸ್ತಾಂತರ ಮಾಡುವ ದೇಶವು ಷರತ್ತು ಹಾಕುವುದೂ ಉಂಟು. 1993ರ ಮುಂಬಯಿ ಬಾಂಬ್ ಸ್ಫೋಟಗಳಲ್ಲಿ 257 ಜನ ಸತ್ತರು. ಆ ಪ್ರಕರಣದಲ್ಲಿ ಬೇಕಾಗಿದ್ದ ಅಬು ಸಲೇಂ ಪೋರ್ಚುಗಲ್ಲಿನಲ್ಲಿ ಸಿಕ್ಕಿಬಿದ್ದನು. ಅಲ್ಲಿ ಮರಣದಂಡನೆಯಿಲ್ಲ. ಅವನಿಗೆ ಮರಣದಂಡನೆಯನ್ನಾಗಲಿ, 25 ವರ್ಷಗಳಿಗೆ ಮೀರಿದ ಸೆರೆವಾಸವನ್ನಾಗಲಿ ವಿಧಿಸುವುದಿಲ್ಲವೆಂದು ಭಾರತ ವಚನವಿತ್ತ ಮೇಲೆ 2005ರಲ್ಲಿ ಅವನನ್ನು ಒಪ್ಪಿಸಿದರು. ಮುಂದೆ ನಮ್ಮ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮಡಿದವರ ಮನೆಯವರನ್ನು ನೆನೆದರೆ, ಅಂಥವನಿಗೆ ಕೊಟ್ಟ ಮಾತೂ ಒಂದು ಮಾತೆ ಎಂದು ಮನಸ್ಸು ಕುದಿಯುವುದು ಸಹಜ. ಆದರೆ ಆ ಮಾತು ಕೊಟ್ಟದ್ದು ಅವನಿಗಲ್ಲ, ಇನ್ನೊಂದು ದೇಶಕ್ಕೆ. 25 ವರ್ಷಗಳು ತುಂಬಿದ ಮೇಲೆ ಆ ವಚನದಂತೆ ನಡೆಯಲು ಕೇಂದ್ರ ಸರ್ಕಾರ ಬದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಜುಲೈನಲ್ಲಿ ಹೇಳಿತು. ಆ ವರ್ಷಗಳ ಎಣಿಕೆಯನ್ನು 2005ರ ಅಕ್ಟೋಬರ್ 12ರಿಂದ ಹಿಡಿಯಲಾಗಿದೆ.