ಹುಲಿ ಮತ್ತು ಹುಳಿ: ಕಡತದ ಹೆಸರುಗಳಲ್ಲಿ ಕಳೆದುಹೋಗುವ ಅಕ್ಷರಭೇದ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಆದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಿಸಲು 26 ಅಕ್ಷರಗಳು ಸಾಲದೆ ಹೋಗುವುದರಿಂದ, 1998ರಲ್ಲಿ ಬಳಕೆಗೆ ಬಂದ ‘ಬರಹ’ ತಂತ್ರಾಂಶವು ಆ ಭೇದವನ್ನೇ ಬಳಸಿಕೊಂಡು ಸಣ್ಣ ಎಲ್‌ಗೆ ‘ಲ’ವನ್ನೂ ದೊಡ್ಡ ಎಲ್‌ಗೆ ‘ಳ’ವನ್ನೂ ಗೊತ್ತುಮಾಡಿತು. ತೆಲುಗಿನ ಆರ್‌ಟಿಎಸ್ ಪದ್ಧತಿಯಲ್ಲಿಯೂ ಇದೇ ಏರ್ಪಾಡಿದೆ. ಆದ್ದರಿಂದ ಕಲ್ಯಾಣದುರ್ಗ ಸೀಮೆಯ ಬೆಳುಗುಪ್ಪದ ಹೆಸರನ್ನು ಈ ಪದ್ಧತಿಗಳಂತೆ ಕನ್ನಡಿಗರು ಬರೆದರೂ ತೆಲುಗರು ಬರೆದರೂ ನಡುವೆ ದೊಡ್ಡ ಎಲ್ ಬರಲೇಬೇಕು.

ತೊಡಕು ಹುಟ್ಟುವುದು ಆ ಹೆಸರನ್ನು ಕಡತಕ್ಕೆ, ಅಂದರೆ ಫೈಲ್‌ಗೆ, ಇಟ್ಟಾಗ. ಡಿಸ್ಕಿನಲ್ಲಿ ಕಡತಗಳು ಎಲ್ಲಿವೆ, ಅವುಗಳ ಹೆಸರೇನು ಎಂಬ ಲೆಕ್ಕವಿಡುವ ಏರ್ಪಾಡಿಗೆ ಕಡತ ವ್ಯವಸ್ಥೆ ಎನ್ನುತ್ತಾರೆ. ಲಿನಕ್ಸ್‌ನ ಇಎಕ್ಸ್‌ಟಿ4 ದೊಡ್ಡ ಎಲ್ ಮತ್ತು ಸಣ್ಣ ಎಲ್‌ಗಳನ್ನು ಸಹಜವಾಗಿಯೇ ಬೇರೆ ಬೇರೆಯೆಂದು ಎಣಿಸಿದರೆ, ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್, ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾದ ಫ್ಯಾಟ್32, ಮ್ಯಾಕ್‌ನ ಎಪಿಎಫ್‌ಎಸ್ ಇವು ವಿಶೇಷ ಹೊಂದಾಣಿಕೆ ಮಾಡದ ಹೊರತು ಅವೆರಡನ್ನೂ ಒಂದೆಂದೇ ಎಣಿಸುತ್ತವೆ. ಸಣ್ಣ ಎಲ್‌ನಿಂದ ತಪ್ಪಾಗಿ ಬರೆದ ‘ಬೆಳುಗುಪ್ಪ’ವನ್ನು ತಿದ್ದಹೊರಟರೆ, ಹೊಸ ಹೆಸರಿನ ಕಡತ ಈಗಾಗಲೇ ಇದೆಯೇ ಎಂದು ಮೊದಲು ವಿಚಾರಿಸುವ ತಂತ್ರಾಂಶಕ್ಕೆ ‘ಇದೆ’ ಎಂಬ ಉತ್ತರ ಬರುತ್ತದೆ. ಹಾಗೆ ಎದುರಾದ ಕಡತ ತಿದ್ದಬೇಕಾದ ಆ ಕಡತವೇ ಆಗಿದ್ದರೂ ತಂತ್ರಾಂಶ ಅದನ್ನು ಅರಿಯದೆ ಕೆಲಸವನ್ನು ನಿರಾಕರಿಸುತ್ತದೆ. ಮೊದಲು ಬೇರೊಂದು ತಾತ್ಕಾಲಿಕ ಹೆಸರಿಟ್ಟು, ಅನಂತರ ಬೇಕಾದ ಹೆಸರಿಗೆ ಬದಲಾಯಿಸುವುದೇ ಇದಕ್ಕೆ ನಂಬಲರ್ಹವಾದ ಉಪಾಯ.

ಇದಕ್ಕಿಂತ ಗಂಭೀರವಾದುದು ಎರಡು ಕಡತಗಳು ಒಂದಾಗಿಬಿಡುವ ಅಪಾಯ. ಗಡಿನಾಡಿನ ಆಡುಮಾತನ್ನು ಪದಕ್ಕೊಂದರಂತೆ ಧ್ವನಿಮುದ್ರಿಸಿ ಇಂಗ್ಲಿಷ್ ಅಕ್ಷರಗಳ ಹೆಸರುಗಳೊಡನೆ ಲಿನಕ್ಸ್ ಯಂತ್ರದಲ್ಲಿ ಕೂಡಿಟ್ಟರೆ ‘ಹುಲಿ’, ‘ಹುಳಿ’ ಎರಡೂ ಅಕ್ಕಪಕ್ಕದಲ್ಲಿ ಸುರಕ್ಷಿತವಾಗಿರುತ್ತವೆ. ಅವನ್ನು ಪೆನ್‌ಡ್ರೈವ್‌ಗೆ ನಕಲು ಮಾಡುವಾಗ, ಕೇಳದೆಯೇ ಮೇಲೆ ಬರೆಯುವಂತೆ ಹೊಂದಿಸಿದ್ದಲ್ಲಿ, ಮೊದಲು ನಕಲಾದದ್ದು ‘ಹುಲಿ’ಯಾದರೆ ಆ ಹೆಸರು ಸಾಮಾನ್ಯವಾಗಿ ಹಾಗೆಯೇ ಉಳಿದು ಒಳಗಿನ ಧ್ವನಿ ಮಾತ್ರ ‘ಹುಳಿ’ಯದಾಗುತ್ತದೆ. ಮೂಲ ಪ್ರತಿ ಅಳಿದ ಮೇಲೆ ಈ ನಷ್ಟವನ್ನು ತುಂಬಿಕೊಳ್ಳುವ ದಾರಿಯಿಲ್ಲ. ಭಾಷಾ ಸಂಗ್ರಹಗಳ ಕೆಲಸದಲ್ಲಿ ಇದನ್ನು ಅತ್ಯಂತ ಎಚ್ಚರಿಕೆಯಿಂದ ನೋಡಬೇಕಾದ ಕಾರಣ ಇದೇ. ಇಂಥ ಘರ್ಷಣೆ ಕನ್ನಡಕ್ಕಷ್ಟೇ ಸೀಮಿತವೂ ಅಲ್ಲ: ಲಿನಕ್ಸ್‌ನ ಮೂಲಸಂಕೇತದಲ್ಲಿಯೇ ಅಕ್ಷರದ ಗಾತ್ರವೊಂದರಿಂದಲೇ ಬೇರೆಯಾಗುವ ಕಡತಗಳಿದ್ದು, ವಿಂಡೋಸ್‌ನಲ್ಲಿ ಅದನ್ನು ಬಿಚ್ಚಿದಾಗ ಜೋಡಿಯಲ್ಲಿ ಒಂದು ಕಾಣೆಯಾಗುತ್ತದೆ.

ಕಡತಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡುವುದು ಇಂದು ಎಲ್ಲ ವ್ಯವಸ್ಥೆಗಳಲ್ಲಿಯೂ ಸಾಧ್ಯವಾಗಿದ್ದು, ಯುನಿಕೋಡ್‌ನಲ್ಲಿ ‘ಲ’ ಮತ್ತು ‘ಳ’ಗಳಿಗೆ ಬೇರೆ ಬೇರೆ ಸಂಕೇತಗಳಿರುವುದರಿಂದ ಅವುಗಳನ್ನು ಯಾವ ವ್ಯವಸ್ಥೆಯೂ ಒಂದಾಗಿಸದು; ಆದ್ದರಿಂದ ಹೊಸ ಸಂಗ್ರಹಗಳಿಗೆ ಇದೇ ಸರಿಯಾದ ಕ್ರಮ. ಇಲ್ಲಿಯೂ ಒಂದು ಜಾಗರೂಕತೆ ಬೇಕು: ‘ಕೊ’ದಲ್ಲಿನ ಒತ್ವವನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದಾದ್ದರಿಂದ, ನೋಡಲು ಒಂದೇ ಆಗಿರುವ ‘ಕೊಡ’ ಎಂಬ ಎರಡು ಕಡತಗಳು ಎನ್‌ಟಿಎಫ್‌ಎಸ್‌ನಲ್ಲಿ ಒಂದೇ ಫೋಲ್ಡರ್‌ನಲ್ಲಿ ನೆಲೆಸಬಲ್ಲವು.