ಶ್ರೀರಂಗಪಟ್ಟಣಕ್ಕೆ ಧರ್ಮಕೇಂದ್ರದ ಪ್ರವಾಸ: ನೋಡಬೇಕಾದದ್ದು, ನೆನೆಯಬೇಕಾದದ್ದು

ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಇಂದಿರಾನಗರ, ಹಲಸೂರು, ಕೆ.ಆರ್. ಪುರ ಕಡೆಗಳಲ್ಲಿ ನೆಲೆಸಿರುವ ಕರಾವಳಿಯ ಕುಟುಂಬಗಳಿಗೆ ಅಂದಿನಿಂದ ಊರಿನ ರೈಲು ಹತ್ತಿರವಾಗಿದೆ. ಅಲ್ಲಿಂದ ಮೈಸೂರು ಮಾರ್ಗವಾಗಿ ಮಂಗಳೂರು, ಉಡುಪಿ ದಾಟಿ ಮುರ್ಡೇಶ್ವರಕ್ಕೆ ಹೋಗುವ ರೈಲು ರಾತ್ರಿ ಹೊತ್ತಿನಲ್ಲಿ ಶ್ರೀರಂಗಪಟ್ಟಣದ ಹಳೆಯ ಕೋಟೆಯ ಮೂಲಕವೇ ಹಾದುಹೋಗುತ್ತದೆ. ಆ ಹೊತ್ತಿಗೆ ಹೆಚ್ಚಿನ ಪ್ರಯಾಣಿಕರಿಗೆ ನಿದ್ದೆ ಬಂದಿರುತ್ತದೆ. ಆದರೆ ಮಂಗಳೂರಿನ ಕಥೋಲಿಕ ಸಮುದಾಯದ ಚರಿತ್ರೆಯಲ್ಲಿ ಈ ಊರಿಗೆ ಇರುವಷ್ಟು ನೋವಿನ ಸ್ಥಾನ ಬೇರೆ ಯಾವ ಊರಿಗೂ ಇಲ್ಲ. 1784ರಿಂದ 1799ರವರೆಗೆ ನಮ್ಮ ಪೂರ್ವಜರು ಸೆರೆಯಲ್ಲಿದ್ದದ್ದು ಇಲ್ಲಿಯೇ.

ನಮ್ಮ ಧರ್ಮಕೇಂದ್ರಗಳ ಯುವಜನರು, ಸ್ತ್ರೀ ಸಂಘಟನೆಯವರು, ಕ್ರೈಸ್ತ ಶಿಕ್ಷಣದ ಮಕ್ಕಳು ವರ್ಷಕ್ಕೊಮ್ಮೆಯಾದರೂ ಪ್ರವಾಸ ಹೋಗುತ್ತಾರೆ. ಮೈಸೂರಿಗೆ ಹೋಗುವ ಬಸ್ಸು ಶ್ರೀರಂಗಪಟ್ಟಣದಲ್ಲಿ ಒಂದೆರಡು ಗಂಟೆ ನಿಲ್ಲುವುದೂ ಉಂಟು. ಗುಂಬಜ್ ನೋಡಿ, ಸಂಗಮದಲ್ಲಿ ಕಾಲು ತೊಳೆದು, ಫೋಟೋ ತೆಗೆದು ಬಸ್ಸು ಹತ್ತುತ್ತೇವೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಇಡೀ ಒಂದು ದಿನ ಇಟ್ಟುಕೊಂಡು ಸರಿಯಾದ ಕ್ರಮದಲ್ಲಿ ನೋಡಿದರೆ ಇದೇ ಊರು ನಮಗೆ ಬಹಳಷ್ಟನ್ನು ಹೇಳಬಲ್ಲದು. ಅದಕ್ಕೆ ನೆರವಾಗುವ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಕ್ರಮವಾಗಿ ನೋಡುವುದು ಏಕೆ?

ವಿದೇಶ ಪ್ರವಾಸ ಮಾಡಿದವರಲ್ಲಿ ಕೆಲವರು ಮಲೇಷ್ಯಾದ ಮಲಾಕ್ಕಾ ಪಟ್ಟಣವನ್ನು ನೋಡಿರಬಹುದು. ಅದೂ ನದಿ ದಡದ ಹಳೆಯ ಕೋಟೆ ಪಟ್ಟಣವೇ. 1511ರಲ್ಲಿ ಪೋರ್ಚುಗೀಸರು, 1641ರಲ್ಲಿ ಡಚ್ಚರು, ಬಳಿಕ ಇಂಗ್ಲಿಷರು ಅದನ್ನು ವಶಪಡಿಸಿಕೊಂಡರು. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪಾರ್ಥಿವ ಶರೀರವನ್ನು ಗೋವಾಕ್ಕೆ ತರುವ ಮೊದಲು 1553ರಲ್ಲಿ ಕೆಲವು ತಿಂಗಳ ಕಾಲ ಅಲ್ಲಿನ ಗುಡ್ಡದ ಚರ್ಚಿನಲ್ಲಿ ಇರಿಸಲಾಗಿತ್ತು. ಇಂಗ್ಲಿಷರು 1807ರಲ್ಲಿ ಕೋಟೆಯನ್ನು ಒಡೆಸಿದ್ದರಿಂದ ಇಂದು ಅಲ್ಲಿ ಉಳಿದಿರುವುದು ಮುಖ್ಯವಾಗಿ ಒಂದು ಬಾಗಿಲು ಮಾತ್ರ. ಅಲ್ಲಿಗೆ ಬರುವ ತಂಡಗಳು ಗುಡ್ಡದ ಮೇಲಿನ ಪಾಳು ಚರ್ಚು, ಕೋಟೆಯ ಬಾಗಿಲು, ಹಳೆಯ ಬೀದಿಗಳು, ಕೊನೆಗೆ ನದಿಯಲ್ಲಿ ದೋಣಿ ಎಂಬ ಕ್ರಮದಲ್ಲಿ ನಡೆದರೆ ಯಾರ ನಂತರ ಯಾರು ಬಂದರು ಎಂಬುದು ಸುಲಭವಾಗಿ ಅರ್ಥವಾಗುತ್ತದೆ. ನಮ್ಮದೇ ರಾಜ್ಯದ ಶ್ರೀರಂಗಪಟ್ಟಣವನ್ನೂ ಇದೇ ರೀತಿ ನೋಡಲು ಸಾಧ್ಯ.

ಶ್ರೀರಂಗಪಟ್ಟಣ ಕಾವೇರಿ ನದಿಯ ಎರಡು ಕವಲುಗಳ ನಡುವೆ ಇರುವ ದ್ವೀಪ. ಕೋಟೆ ಇರುವುದು ಪಶ್ಚಿಮದ ತುದಿಯಲ್ಲಿ. ಅಲ್ಲಿಂದ ಪೂರ್ವಕ್ಕೆ ಬಂದರೆ ದರಿಯಾ ದೌಲತ್, ಗಂಜಾಂ, ಗುಂಬಜ್, ಕೊನೆಯಲ್ಲಿ ಕವಲುಗಳು ಮತ್ತೆ ಕೂಡುವ ಸಂಗಮ. ಆದ್ದರಿಂದ ಪಶ್ಚಿಮದಿಂದ ಪೂರ್ವಕ್ಕೆ, ನದಿ ಹರಿಯುವ ದಿಕ್ಕಿನಲ್ಲೇ ಸಾಗಿದರೆ ಬಸ್ಸು ಹಿಂದೆ ಮುಂದೆ ಓಡಾಡುವುದು ತಪ್ಪುತ್ತದೆ.

ಬೈಯಪ್ಪನಹಳ್ಳಿಯಿಂದ ಹೊರಡುವುದು

ಬೆಂಗಳೂರಿನ ಪೂರ್ವ ಭಾಗದಿಂದ ಹೊರಡುವ ತಂಡಕ್ಕೆ ನಗರವನ್ನು ದಾಟುವುದೇ ದೊಡ್ಡ ಕೆಲಸ. ಬಸ್ಸನ್ನು ಚರ್ಚಿನ ಬಾಗಿಲಿಗೆ ತರಿಸುವ ಬದಲು ಕೆಂಗೇರಿಯಲ್ಲಿ ನಿಲ್ಲಿಸಲು ಹೇಳಿ, ತಂಡದವರು ಬೈಯಪ್ಪನಹಳ್ಳಿಯಿಂದ ಮೆಟ್ರೋದಲ್ಲಿ ಅಲ್ಲಿಗೆ ಹೋಗಬಹುದು. ನೇರಳೆ ಮಾರ್ಗದ ರೈಲು ಎಲ್ಲಿಯೂ ಬದಲಾಯಿಸದೆ ಕೆಂಗೇರಿ ತಲುಪಿಸುತ್ತದೆ. ಬಸ್ಸು ಬೇಡ ಎನ್ನುವವರು ಅದೇ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಶ್ರೀರಂಗಪಟ್ಟಣದಲ್ಲಿ ನಿಲ್ಲುವ ಮೈಸೂರು ರೈಲು ಹಿಡಿಯಬಹುದು. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ನಿಲ್ದಾಣದಿಂದ ಕೋಟೆಯ ಒಳಗಿನ ಸ್ಥಳಗಳಿಗೆ ನಡೆದೇ ಹೋಗಬಹುದು. ದ್ವೀಪದ ಪೂರ್ವ ಭಾಗಕ್ಕೆ ಆಟೋ ಬೇಕಾಗುತ್ತದೆ.

ಈ ರೈಲು ಮಾರ್ಗದ ವಿಷಯದಲ್ಲಿ ಮಕ್ಕಳಿಗೆ ಹೇಳಬಹುದಾದ ಒಂದು ಸಂಗತಿಯಿದೆ. ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಒಂದು ಮದ್ದಿನಮನೆ ಅಡ್ಡ ಬಂದಿತು. ಅದನ್ನು ಒಡೆಯದೆ, 2017ರಲ್ಲಿ ಇಡೀ ಕಟ್ಟಡವನ್ನೇ ಜಾಕುಗಳ ಮೇಲೆ ಎತ್ತಿ 100 ಮೀಟರಿಗೂ ಹೆಚ್ಚು ದೂರ ಸರಿಸಲಾಯಿತು.

ಬೆಳಿಗ್ಗೆ: ಕೋಟೆಯ ಒಳಗೆ

ಇಲ್ಲಿನ ರಂಗನಾಥಸ್ವಾಮಿ ದೇವಾಲಯ ಗಂಗರ ಕಾಲದಷ್ಟು ಹಳೆಯದು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಪಟ್ಟಣವನ್ನು ಪಡೆದರು. ಅಂದಿನಿಂದ 1799ರವರೆಗೆ ಇದೇ ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. 1649ರಲ್ಲಿ ಇಟಲಿಯ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಾಮಿ ಇಲ್ಲಿಗೆ ಬಂದು ಮೈಸೂರು ಮಿಷನ್ ಕೆಲಸವನ್ನು ಆರಂಭಿಸಿದರು. ಅಂದರೆ ಸೆರೆಯ ಕಾಲಕ್ಕಿಂತ 135 ವರ್ಷ ಮೊದಲೇ ಈ ಊರಿಗೆ ಕ್ರೈಸ್ತರ ಪರಿಚಯವಿತ್ತು.

ಕೋಟೆಯ ಉತ್ತರ ಭಾಗದಲ್ಲಿ ನದಿಯ ಕಡೆಗೆ ಕರ್ನಲ್ ಬೇಯ್ಲಿ ಬಂದೀಖಾನೆ ಇದೆ. ಕಮಾನಿನ ಚಾವಣಿಯ ಈ ನೆಲಮಾಳಿಗೆಯ ಗೋಡೆಗಳಲ್ಲಿ ಸರಪಳಿ ಹಾಕಲು ರಂಧ್ರವಿರುವ ಕಲ್ಲುಗಳಿವೆ. 1780ರಲ್ಲಿ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿದ ಕರ್ನಲ್ ವಿಲಿಯಂ ಬೇಯ್ಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡರು. ಮಂಗಳೂರಿನ ಕಥೋಲಿಕರನ್ನೂ ಇದೇ ಕೋಣೆಯಲ್ಲಿ ಇಟ್ಟಿದ್ದರೆಂದು ನಮ್ಮವರಲ್ಲಿ ಕೆಲವರು ಭಾವಿಸುತ್ತಾರೆ. ಆದರೆ ಇದು ಸಾವಿರಾರು ಜನರು ಹಿಡಿಯುವ ಜಾಗವಲ್ಲ ಎಂಬುದು ಒಳಗೆ ಹೋದವರಿಗೆ ಕೂಡಲೇ ತಿಳಿಯುತ್ತದೆ. ನಮ್ಮ ಜನರ ಸೆರೆ ಒಂದು ಕೋಣೆಯ ಸೆರೆಯಾಗಿರಲಿಲ್ಲ. ಗಟ್ಟಿಮುಟ್ಟಾದ ಗಂಡಸರನ್ನು ಬಲವಂತವಾಗಿ ಮತಾಂತರಿಸಿ ಸೈನ್ಯದ ತುಕಡಿಗಳಿಗೆ ಸೇರಿಸಲಾಯಿತು. ಮನೆತನಗಳು ಒಡೆದು ಹಂಚಿಹೋದವು. ರೋಗ, ಹಸಿವು, ಶಿಕ್ಷೆಗಳಿಂದ ಸತ್ತವರು ಬಹಳ.

ನಮ್ಮ ಚರಿತ್ರೆಯನ್ನು ಹೇಗೆ ಹೇಳಬೇಕು?

ಇದು ಪ್ರವಾಸದ ಮುಖ್ಯ ಭಾಗ. ಹೇಳುವವರು ಮೊದಲೇ ಓದಿಕೊಂಡು ಬರುವುದು ಒಳ್ಳೆಯದು.

ಎರಡನೇ ಮೈಸೂರು ಯುದ್ಧದ ಕಾಲದಲ್ಲಿ, 1783ರಲ್ಲಿ, ಇಂಗ್ಲಿಷರು ಮಂಗಳೂರನ್ನು ಹಿಡಿದರು. ಕೆನರಾದ ಕ್ರೈಸ್ತರು ಅವರಿಗೆ ನೆರವಾದರು ಎಂಬುದು ಟಿಪ್ಪು ಸುಲ್ತಾನ್ ಹೊರಿಸಿದ ಆರೋಪ. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 27 ಚರ್ಚುಗಳು ನೆಲಸಮವಾದವೆಂದು ಸಮುದಾಯದ ಚರಿತ್ರೆಗಳು ಹೇಳುತ್ತವೆ. ಇಂದು ನಾವು ಬಸ್ಸಿನಲ್ಲಿ ಅರ್ಧ ದಿನದಲ್ಲಿ ಮುಗಿಸುವ ದಾರಿಯನ್ನು ಮುದುಕರು, ಬಸುರಿಯರು, ಮಕ್ಕಳು ವಾರಗಟ್ಟಲೆ ನಡೆದರು.

ಎಷ್ಟು ಜನ? ಇಲ್ಲೇ ಬಂದಿಯಾಗಿದ್ದ ಜೇಮ್ಸ್ ಸ್ಕರ್ರಿ 30 ಸಾವಿರ ಎಂದು ಬರೆದಿದ್ದಾನೆ. ಥಾಮಸ್ ಮನ್ರೋ ಕೊಟ್ಟ ಸಂಖ್ಯೆ 60 ಸಾವಿರ. ಫ್ರಾನ್ಸಿಸ್ ಬುಕಾನನ್ ಹೇಳಿದ್ದು 70 ಸಾವಿರ. ಆದ್ದರಿಂದ ಒಂದೇ ಸಂಖ್ಯೆಯನ್ನು ಹಿಡಿದು ವಾದಿಸುವುದಕ್ಕಿಂತ, ಕಡಿಮೆಯೆಂದರೂ 30 ಸಾವಿರ ಎಂದು ಹೇಳುವುದು ಸುರಕ್ಷಿತ. ಅದೇ ಸಾಕಷ್ಟು ದೊಡ್ಡ ಸಂಖ್ಯೆ.

ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಕೊಡವರು, ಮಲಬಾರಿನ ನಾಯರರು ಕೂಡ ಇದೇ ರೀತಿಯ ಗಡೀಪಾರು ಅನುಭವಿಸಿದರು. ಇತ್ತ ಟಿಪ್ಪುವಿನ ಅರಮನೆಯ ಸಮೀಪದಲ್ಲೇ ರಂಗನಾಥನ ಪೂಜೆ ನಡೆಯುತ್ತಿತ್ತು. ಮರಾಠರ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ 1791ರಲ್ಲಿ ಮಠಕ್ಕೆ ನೆರವು ಕಳಿಸಿದವನೂ ಅವನೇ. ಇವೆಲ್ಲವೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡುವ ಅಗತ್ಯವಿಲ್ಲ. ಇಂದು ಈ ಊರಿನಲ್ಲಿ ಬದುಕುತ್ತಿರುವ ಯಾರೂ 1784ಕ್ಕೆ ಹೊಣೆಯಲ್ಲ ಎಂಬುದನ್ನು ಯುವಜನರಿಗೆ ಸ್ಪಷ್ಟವಾಗಿ ತಿಳಿಸಬೇಕು. ಬೀದಿಯಲ್ಲಿ, ಮಸೀದಿಯ ಮುಂದೆ, ಗುಂಬಜ್ ಆವರಣದಲ್ಲಿ ಈ ವಿಷಯದ ಗಟ್ಟಿ ಚರ್ಚೆ ಬೇಡ. ಇದನ್ನು ಬಸ್ಸಿನಲ್ಲಿಯೋ ಚರ್ಚಿನ ಆವರಣದಲ್ಲಿಯೋ ಕುಳಿತು ಶಾಂತವಾಗಿ ಹೇಳುವುದು ಮೇಲು.

ಮಧ್ಯಾಹ್ನ: ದರಿಯಾ ದೌಲತ್ ಮತ್ತು ದೊಡ್ಡಸ್ವಾಮಿಯವರ ಚರ್ಚು

ಕೋಟೆಯಿಂದ ಪೂರ್ವಕ್ಕೆ ಬಂದರೆ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬೇಸಿಗೆ ಅರಮನೆ ಸಿಗುತ್ತದೆ. ನಮ್ಮವರು ಸೆರೆಯಾಗಿ ಬಂದ ವರ್ಷವೂ ಅದೇ. ತೇಗದ ಮರದ ಈ ಅರಮನೆಯ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಪಲ್ಲಕ್ಕಿಯಲ್ಲಿರುವ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಹೈದರಾಲಿ ಮತ್ತು ಟಿಪ್ಪು ಇವರನ್ನು ಮಕ್ಕಳೇ ಹುಡುಕಲಿ. ಬೆಳಿಗ್ಗೆ ನೋಡಿದ ಬಂದೀಖಾನೆಯ ಕರ್ನಲ್ ಇವನೇ ಎಂದು ಆಗ ಅವರಿಗೆ ಗೊತ್ತಾಗುತ್ತದೆ. ಪ್ರವೇಶದ ಸಮಯವನ್ನು ಮೊದಲೇ ವಿಚಾರಿಸಿ ಹೋಗುವುದು ಒಳಿತು.

ದ್ವೀಪದಲ್ಲಿರುವ ಅಬ್ಬೆ ದುಬಾಯ್ ಚರ್ಚು ಸಾಮಾನ್ಯ ಪ್ರವಾಸಿಗಳ ಪಟ್ಟಿಯಲ್ಲಿ ಇರುವುದು ಕಡಿಮೆ. ನಮಗೆ ಮಾತ್ರ ಅದು ತಪ್ಪಬಾರದು. ಫ್ರಾನ್ಸಿನ ಗುರು ಜಾನ್ ಆಂತ್ವಾನ್ ದುಬಾಯ್ 1792ರಲ್ಲಿ ಭಾರತಕ್ಕೆ ಬಂದವರು. ಟಿಪ್ಪುವಿನ ಪತನದ ನಂತರ ಇಲ್ಲಿಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಬಲವಂತದ ಮತಾಂತರಕ್ಕೆ ಒಳಗಾಗಿದ್ದ ಹಲವರನ್ನು ಮತ್ತೆ ಧರ್ಮಸಭೆಗೆ ಬರಮಾಡಿಕೊಂಡರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಜನರನ್ನು ಒಪ್ಪಿಸಿದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಜನರು ಅವರನ್ನು ದೊಡ್ಡಸ್ವಾಮಿಯವರು ಎಂದೇ ಕರೆಯುತ್ತಿದ್ದರು. ಅಲ್ಲಿನ ಧರ್ಮಗುರುಗಳನ್ನು ಮುಂಚಿತವಾಗಿ ಸಂಪರ್ಕಿಸಿದರೆ ಬಲಿಪೂಜೆ ಅಥವಾ ಪ್ರಾರ್ಥನೆಗೆ ಅನುಕೂಲವಾಗುತ್ತದೆ.

ಗುಂಬಜ್‌ನಲ್ಲಿ ಹೈದರಾಲಿ, ಅವನ ಪತ್ನಿ ಮತ್ತು ಟಿಪ್ಪುವಿನ ಸಮಾಧಿಗಳಿವೆ. ಸಮೀಪದಲ್ಲೇ ಬೇಯ್ಲಿಯ ಸ್ಮಾರಕವೂ ಇದೆ. ಅದನ್ನು ಅವನ ಸೋದರಳಿಯ 1816ರಲ್ಲಿ ಕಟ್ಟಿಸಿದ. ಇಲ್ಲಿ ನಿಂತು ಯೋಚಿಸಬೇಕಾದ ಒಂದು ವಿಷಯವಿದೆ. ಒಬ್ಬ ಇಂಗ್ಲಿಷ್ ಅಧಿಕಾರಿಯ ಸೆರೆಗೆ ಗೋಡೆಯ ಮೇಲೆ ಚಿತ್ರವಿದೆ, ಹೆಸರಿನ ಬಂದೀಖಾನೆಯಿದೆ, ಕಲ್ಲಿನ ಸ್ಮಾರಕವಿದೆ. ಹದಿನೈದು ವರ್ಷ ಇಲ್ಲಿ ನರಳಿದ ನಮ್ಮ ಸಾವಿರಾರು ಮನೆತನಗಳ ನೆನಪಿಗೆ ಪ್ರವಾಸಿಗಳಿಗೆ ತೋರಿಸುವ ಸ್ಥಳಗಳಲ್ಲಿ ಒಂದೂ ಕಾಣುವುದಿಲ್ಲ. ಆ ನೆನಪನ್ನು ನಾವೇ ಹೊತ್ತು ತರಬೇಕು.

ಸಂಜೆ: ನದಿಯ ಬಳಿ

ಕಾವೇರಿಯೇ ಈ ಊರಿನ ರಕ್ಷಣೆಯಾಗಿತ್ತು. ಮಳೆಗಾಲದಲ್ಲಿ ನದಿ ತುಂಬಿದರೆ ಶತ್ರುವಿಗೆ ಒಳಬರಲು ದಾರಿಯಿಲ್ಲ. ಅದಕ್ಕೇ 1799ರಲ್ಲಿ ಇಂಗ್ಲಿಷರು ಮಳೆ ಬರುವುದರೊಳಗೆ ಮುತ್ತಿಗೆ ಮುಗಿಸಲು ಆತುರಪಟ್ಟರು. ಮೇ 4ರ ಮಧ್ಯಾಹ್ನ ನೀರು ಕಡಿಮೆಯಿದ್ದ ನದಿಯನ್ನು ನಡೆದೇ ದಾಟಿ, ಕೋಟೆಯ ಗೋಡೆ ಒಡೆದ ಜಾಗದಿಂದ ಒಳನುಗ್ಗಿದರು. ಆ ದಾಳಿಯ ಮುಂದಾಳು ಜನರಲ್ ಬೇರ್ಡ್. ಅವನೂ ಹಿಂದೆ ಇದೇ ಊರಿನಲ್ಲಿ ಮೂರೂವರೆ ವರ್ಷ ಬಂದಿಯಾಗಿದ್ದವನು. ಅಂದು ಟಿಪ್ಪು ಹೋರಾಡುತ್ತಲೇ ಮಡಿದ. ನಮ್ಮವರ ಸೆರೆ ಮುಗಿಯಿತು. ಬದುಕುಳಿದವರಲ್ಲಿ ಹಲವರು ಊರಿಗೆ ಮರಳಿದರೆ, ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು. ಅದಕ್ಕೂ ಮೊದಲೇ ತಪ್ಪಿಸಿಕೊಂಡು ಹೋದವರಿಗೆ ಕೊಡಗಿನ ದೊಡ್ಡವೀರರಾಜೇಂದ್ರ ಅರಸರು ವಿರಾಜಪೇಟೆಯಲ್ಲಿ ನೆಲೆ ಕೊಟ್ಟಿದ್ದರು.

ಇದೇ ನದಿ ಇಂದಿಗೂ ಅಪಾಯಕಾರಿ. ಸಂಗಮದಲ್ಲಿ ನೀರು ಶಾಂತವಾಗಿ ಕಂಡರೂ ಅಡಿಯಲ್ಲಿ ಸೆಳವು, ಗುಂಡಿಗಳು ಇರುತ್ತವೆ. ಮೇಲ್ಭಾಗದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆ ಇರುವುದರಿಂದ ನೀರು ಬಿಟ್ಟಾಗ ಹರಿವು ಒಮ್ಮೆಲೇ ಹೆಚ್ಚಾಗುತ್ತದೆ. ನಮ್ಮ ಹುಡುಗರು ಸಮುದ್ರ ದಂಡೆಯವರು, ಈಜು ಬಲ್ಲವರು ಎಂಬ ಧೈರ್ಯ ಇಲ್ಲಿ ನಡೆಯದು. ತಂಡದ ಯಾರೂ ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು ಎಂಬ ನಿಯಮವನ್ನು ಬಸ್ಸು ಹೊರಡುವ ಮೊದಲೇ ಹೇಳಿಬಿಡಿ. ತೆಪ್ಪ ಹತ್ತುವುದಾದರೆ ಜೀವರಕ್ಷಕ ಜಾಕೆಟ್ ಕಡ್ಡಾಯ.

ದೋಣಿ ವಿಹಾರ ಬೇಕೆನ್ನುವವರಿಗೆ ರಂಗನತಿಟ್ಟು ಪಕ್ಷಿಧಾಮವೇ ಉತ್ತಮ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಘೋಷಿಸಲಾದ ಈ ಧಾಮ 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಮೊಸಳೆಗಳನ್ನು ದೋಣಿಯಿಂದ ಹತ್ತಿರದಲ್ಲೇ ನೋಡಬಹುದು. ನದಿಯಲ್ಲಿ ನೀರು ಹೆಚ್ಚಿದ್ದಾಗ ದೋಣಿ ನಿಲ್ಲಿಸುತ್ತಾರೆ. ಇದು ಪಟ್ಟಣದ ಪಶ್ಚಿಮಕ್ಕಿರುವುದರಿಂದ ಬೆಳಿಗ್ಗೆಯೇ ಮುಗಿಸಿಕೊಂಡು ಕೋಟೆಗೆ ಬರುವುದು ಸೂಕ್ತ.

ಆಯೋಜಕರಿಗೆ ಕೆಲವು ಸೂಚನೆಗಳು

1. ಹತ್ತು ಮಂದಿಗೆ ಒಬ್ಬರಂತೆ ಮೇಲ್ವಿಚಾರಕರನ್ನು ನೇಮಿಸಿ, ಪ್ರತಿ ಸ್ಥಳದಲ್ಲೂ ಬಸ್ಸು ಹತ್ತುವಾಗ ತಲೆ ಎಣಿಸಿ.

2. ಒಂದು ದಿನಕ್ಕೆ ಆರು ಸ್ಥಳಗಳಿಗಿಂತ ಹೆಚ್ಚು ಬೇಡ. ಮೈಸೂರು ಅರಮನೆಯನ್ನೂ ಅದೇ ದಿನಕ್ಕೆ ಸೇರಿಸಿದರೆ ಎರಡೂ ಕೆಡುತ್ತವೆ.

3. ದೇವಾಲಯ, ಮಸೀದಿ, ಗುಂಬಜ್‌ಗಳಲ್ಲಿ ಅಲ್ಲಿನ ರೀತಿನೀತಿಗಳನ್ನು ಪಾಲಿಸಿ. ಉಡುಪು, ಪಾದರಕ್ಷೆ, ಮೊಬೈಲ್ ವಿಷಯದಲ್ಲಿ ಮಕ್ಕಳಿಗೆ ಮೊದಲೇ ತಿಳಿಸಿ.

4. ಹಿರಿಯರನ್ನು ತಪ್ಪದೆ ಕರೆದುಕೊಂಡು ಹೋಗಿ. ತಮ್ಮ ಮನೆತನದಲ್ಲಿ ಸೆರೆಯ ಬಗ್ಗೆ ಕೇಳಿದ್ದೇನು, ಯಾರು ಮರಳಿದರು, ಯಾರು ಮರಳಲಿಲ್ಲ ಎಂಬುದನ್ನು ಅವರು ಬಸ್ಸಿನಲ್ಲಿ ಹೇಳಲಿ. ಯುವಜನರು ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲಿ.

5. ಹೋಗುವ ಮೊದಲು ವಿ.ಜೆ.ಪಿ. ಸಲ್ಡಾನ್ಹಾ ಅವರ ಕೊಂಕಣಿ ಕಾದಂಬರಿ ‘ಬೆಳ್ತಂಗಡಿಚೊ ಬಾಲ್ತಜಾರ್’ ಓದಿದವರು ಅದರ ಪರಿಚಯ ಮಾಡಿಕೊಟ್ಟರೆ ಮಕ್ಕಳಿಗೆ ಆ ಕಾಲ ಕಣ್ಣಿಗೆ ಕಟ್ಟುತ್ತದೆ.

ಪ್ರಾರ್ಥನೆಯಲ್ಲಿ ಸೆರೆಯಲ್ಲಿ ಸತ್ತ ನಮ್ಮ ಪೂರ್ವಜರನ್ನು ನೆನೆಯೋಣ. ಅವರೊಂದಿಗೆ 1799ರ ಮೇ 4ರಂದು ಎರಡೂ ಕಡೆಯಲ್ಲಿ ಬಿದ್ದ ಸಿಪಾಯಿಗಳನ್ನೂ, ಲೂಟಿಗೆ ಸಿಕ್ಕಿದ ಪಟ್ಟಣದ ಬಡಜನರನ್ನೂ ನೆನೆಯೋಣ. ಪ್ರವಾಸದಿಂದ ಮರಳಿದ ಮೇಲೆ ಹಿರಿಯರು ಹೇಳಿದ್ದನ್ನು ಬರೆದು ಧರ್ಮಕೇಂದ್ರದ ಕಚೇರಿಯಲ್ಲಿ ಒಂದು ಪ್ರತಿ ಇಡಿ. ಮುಂದಿನ ವರ್ಷ ಹೋಗುವ ತಂಡಕ್ಕೆ ಅದು ಉಪಯೋಗಕ್ಕೆ ಬರುತ್ತದೆ.