ಆದೇಶಗಳ ಸಂಕ್ಷಿಪ್ತ ಆಯ್ಕೆಗಳನ್ನು ಬರೆಯುವ ಕ್ರಮ

ಆದೋನಿ, ಹೊಳಗುಂದ, ಕೌತಾಳಂ ಭಾಗದ ಕನ್ನಡ ಮಾಧ್ಯಮದ ಮಕ್ಕಳು ದಿನವೂ ಕಾಣುವ ಕನ್ನಡ, ತೆಲುಗು ಲಿಪಿಗಳೆರಡರಲ್ಲಿಯೂ ಸಣ್ಣಕ್ಷರ, ದೊಡ್ಡಕ್ಷರ ಎಂಬ ಭೇದವಿಲ್ಲ. ಗಣಕದ ಆದೇಶಗಳಲ್ಲಿಯಾದರೋ ಆ ಭೇದವೇ ಅರ್ಥವನ್ನು ಬದಲಿಸಬಲ್ಲದು. ಲಿನಕ್ಸ್‌ನಲ್ಲಿ ಕಡತಗಳನ್ನು ಅಳಿಸುವ ‘ಆರ್‌ಎಂ’ ಆದೇಶದ ನಂತರ ಕಿರುಗೆರೆಯೊಡನೆ ಇಂಗ್ಲಿಷಿನ ಸಣ್ಣ ‘ಐ’ ಬರೆದರೆ ಪ್ರತಿಯೊಂದು ಕಡತಕ್ಕೂ ಅನುಮತಿ ಕೇಳಲಾಗುತ್ತದೆ. ದೊಡ್ಡ ‘ಐ’ ಬರೆದರೆ, ಕಡತಗಳು 3ಕ್ಕಿಂತ ಹೆಚ್ಚಿದ್ದಾಗ ಒಮ್ಮೆ ಮಾತ್ರ ಕೇಳಲಾಗುತ್ತದೆ. ಕಡಿಮೆಯಿದ್ದರೆ ಸಾಮಾನ್ಯವಾಗಿ ಕೇಳದೆಯೇ ಅಳಿಸಲಾಗುತ್ತದೆ. ಟಿಪ್ಪಣಿಯಲ್ಲಿ ‘ಐ’ ಎಂದಷ್ಟೇ ಇದ್ದರೆ, ವಿದ್ಯಾರ್ಥಿ ಸಿದ್ಧಪಡಿಸಿದ ಕಡತವೇ ಅಳಿದುಹೋಗಬಹುದು. ಆದುದರಿಂದ ಅಕ್ಷರ ಸಣ್ಣದೋ ದೊಡ್ಡದೋ ಎಂಬುದನ್ನೂ, ಅದು ಸೂಚಿಸುವ ‘ಇಂಟರಾಕ್ಟಿವ್’ ಎಂಬ ಪೂರ್ಣಪದವನ್ನೂ, ಕನ್ನಡದ ವಿವರಣೆಯನ್ನೂ ಒಂದೇ ಸಾಲಿನಲ್ಲಿ ಕೊಡತಕ್ಕದ್ದು.